ಹೊಸ ಆರೋಗ್ಯ ಸಂಶೋಧನೆ ಗಡಿ ದಾಟುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ವೈದ್ಯಕೀಯ ಪೇಪರ್‌ಗಳನ್ನು ಓದಿ ಕನ್ನಡದಲ್ಲಿ ನಾಲ್ಕು ಸಾಲು ಬರೆಯುವ ಚಾಳಿ ನನಗೆ ಕೆಲವು ವರ್ಷದಿಂದ ಅಂಟಿಕೊಂಡಿದೆ. ಅದು ಗೊತ್ತಿರುವವರು ಸಿಕ್ಕಲ್ಲೆಲ್ಲ ಇವೇ ಪ್ರಶ್ನೆ ಕೇಳುತ್ತಾರೆ, ಮದುವೆ ಊಟದ ಪಂಕ್ತಿಯಲ್ಲಿ ಕೂತಾಗಲೂ ಬಿಡುವುದಿಲ್ಲ. ಪ್ರತಿ ಸಲ ಮೊದಲಿಂದ ಶುರು ಮಾಡುವುದಕ್ಕಿಂತ ಒಂದೇ ಕಡೆ ಬರೆದಿಟ್ಟರೆ ವಾಸಿ ಅನ್ನಿಸಿತು. ಪೇಪರ್ ಇಂಟರ್ನೆಟ್ಟಿಗೆ ಬಿದ್ದರೆ ಹಂಚಿದಂತೆ ಅಂತ ಬಹಳ ಜನ ತಿಳಿದಿದ್ದಾರೆ. ನಾನು ಒಪ್ಪುವುದಿಲ್ಲ. ಬೇಕಾದವರ ಕೈಗೆ ಅದು ಸೇರಿತಾ, ಕೊಟ್ಟವರಿಗೆ ಏನಾದರೂ ವಾಪಸ್ ಬಂತಾ, ಇವೆರಡನ್ನು ಕೇಳದೆ ಹಂಚಿದೆವು ಅನ್ನಬಾರದು.

ಸಂಶೋಧನೆ ಗಡಿ ದಾಟದೆ ಇದ್ದರೆ ಏನು ಮಹಾ ಆಗುತ್ತದೆ?

ಲೈಬೀರಿಯಾದ ಕತೆ ಕೇಳಿ. 2014ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಎಬೋಲಾ ಹಬ್ಬಿತು. ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್ ಸೇರಿ 11,000ಕ್ಕೂ ಜಾಸ್ತಿ ಜನ ಸತ್ತರು. ಈ ಭಾಗದಲ್ಲಿ ಎಬೋಲಾ ಇರಲೇ ಇಲ್ಲ, ಯಾರೂ ಊಹಿಸಿರಲಿಲ್ಲ ಅಂತ ಆಗ ಎಲ್ಲರೂ ಹೇಳಿದರು. ಆದರೆ 1982ರಲ್ಲೇ ಸಂಶೋಧನೆಗಳನ್ನು ಅಚ್ಚು ಹಾಕುವ ಒಂದು ಯುರೋಪಿನ ಜರ್ನಲ್‌ನಲ್ಲಿ ಜರ್ಮನಿಯ ಸಂಶೋಧಕರು ಬರೆದಿದ್ದರು: ಲೈಬೀರಿಯಾದ ಕೆಲವರ ರಕ್ತದಲ್ಲಿ ಎಬೋಲಾದ ಪ್ರತಿಕಾಯಗಳು (ಹಿಂದೆ ಸೋಂಕು ತಗುಲಿದ್ದರ ಗುರುತು) ಸಿಕ್ಕಿವೆ, ಈ ದೇಶವನ್ನೂ ಎಬೋಲಾ ಇರುವ ಜಾಗಗಳ ಪಟ್ಟಿಗೆ ಸೇರಿಸಬೇಕು ಅಂತ.

2015ರಲ್ಲಿ ಲೈಬೀರಿಯಾದ ಆರೋಗ್ಯ ಇಲಾಖೆಯ ಮುಖ್ಯ ವೈದ್ಯಾಧಿಕಾರಿ ಬರ್ನೀಸ್ ಡಾನ್ ಮತ್ತು ಜೊತೆಗಾರರು ಈ ಹಳೆ ಪೇಪರ್‌ಗಳನ್ನು ಹುಡುಕಿ ತೆಗೆದು ಪತ್ರಿಕೆಯಲ್ಲಿ ಬರೆದರು. ಅಂಥ ಒಂದು ಪೇಪರ್ ಡೌನ್‌ಲೋಡ್ ಮಾಡಲು 45 ಡಾಲರ್ ಬೇಕಿತ್ತು. ಅಲ್ಲಿನ ಡಾಕ್ಟರಿಗೆ ಅದು ಸುಮಾರು ಅರ್ಧ ವಾರದ ಸಂಬಳ. ಪೇಪರ್‌ಗಳಲ್ಲಿ ಲೈಬೀರಿಯಾದವರ ಒಂದೇ ಒಂದು ಹೆಸರೂ ಇರಲಿಲ್ಲ. ರಕ್ತ ಅವರದು, ಪೇಪರ್ ಬೇರೆಯವರದು, ಎಚ್ಚರಿಕೆ ಯಾರಿಗೂ ಮುಟ್ಟಲಿಲ್ಲ. ಜರ್ನಲ್‌ನಲ್ಲಿ ಅಚ್ಚಾಗಿತ್ತಲ್ಲ ಅಂತ ಯಾರಾದರೂ ವಾದ ಮಾಡಿದರೆ ನಾನು ಈ 45 ಡಾಲರ್ ನೆನಪಿಸುತ್ತೇನೆ.

ಆ ದುಡ್ಡು ಬರೆದ ವಿಜ್ಞಾನಿಗೆ ಹೋಗುತ್ತದಾ?

ಇಲ್ಲ. ಒಂದು ಪೈಸೆಯೂ ಹೋಗುವುದಿಲ್ಲ. ಪೇಪರ್ ತಿದ್ದಿ ಅಭಿಪ್ರಾಯ ಹೇಳುವ ಇತರ ವಿಜ್ಞಾನಿಗಳಿಗೂ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. ಹೋಗುವುದೆಲ್ಲ ಪ್ರಕಾಶಕರಿಗೆ. ಇದಕ್ಕೆ ಮದ್ದು ಅಂತ ಓಪನ್ ಆಕ್ಸೆಸ್ ಬಂತು: ಓದುವವರು ಕೊಡಬೇಕಾಗಿಲ್ಲ, ಬಹಳ ಕಡೆ ಬರೆಯುವವರೇ ಶುಲ್ಕ ಕಟ್ಟುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ದೊಡ್ಡ ಜರ್ನಲ್‌ಗಳಲ್ಲಿ ಆ ಶುಲ್ಕ ಲಕ್ಷಗಟ್ಟಲೆ ರೂಪಾಯಿ ಆಗುತ್ತದೆ. ಮೊದಲು ಬಡ ದೇಶದವರು ಓದಲಾಗದೆ ಒದ್ದಾಡುತ್ತಿದ್ದರು, ಈಗ ಬರೆಯಲಾಗದೆ ಒದ್ದಾಡುತ್ತಿದ್ದಾರೆ. ಕೆಲವು ಜರ್ನಲ್‌ಗಳು ಬಡ ದೇಶದವರಿಗೆ ಶುಲ್ಕ ಬಿಡುತ್ತವೆ, ನಿಜ. ಅದಕ್ಕೂ ಅರ್ಜಿ ಹಾಕಿಕೊಂಡು ಕೈಕಟ್ಟಿ ನಿಲ್ಲಬೇಕು. ಗೇಟ್ಸ್ ಫೌಂಡೇಶನ್ 2025ರಿಂದ ಈ ಶುಲ್ಕ ಕೊಡುವುದನ್ನೇ ನಿಲ್ಲಿಸಿತು. ನಮ್ಮ ದುಡ್ಡಲ್ಲಿ ಮಾಡಿದ ಕೆಲಸವನ್ನು ಮೊದಲು ಪ್ರೀಪ್ರಿಂಟ್ ಆಗಿ, ಅಂದರೆ ಬೇರೆಯವರ ಪರಿಶೀಲನೆಗೂ ಮುಂಚೆಯೇ, ಎಲ್ಲರಿಗೂ ತೆರೆದಿಡಿ ಅಂತ ಷರತ್ತು ಹಾಕಿತು. ನನಗೆ ಇದು ಸರಿಯಾದ ದಾರಿ ಅನ್ನಿಸುತ್ತದೆ.

ನನಗೆ ಒಂದು ಪೇಪರ್ ಬೇಕು, ದುಡ್ಡು ಕೊಡದೆ ಕಾನೂನುಬದ್ಧವಾಗಿ ಸಿಗುತ್ತದಾ?

ಬಹಳ ಸಲ ಸಿಗುತ್ತದೆ. ಮೊದಲು ಪೇಪರ್ ಪುಕ್ಕಟೆ ಓದಲು ಸಿಗುವ ಅಮೆರಿಕದ ಜಾಲತಾಣ ಪಬ್‌ಮೆಡ್ ಸೆಂಟ್ರಲ್‌ನಲ್ಲಿ ಹುಡುಕಿ. ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ದುಡ್ಡಿನಿಂದ ಆದ ಕೆಲಸವೆಲ್ಲ 2025ರ ಜುಲೈನಿಂದ ಪ್ರಕಟವಾದ ದಿನವೇ ಅಲ್ಲಿ ಇರಬೇಕು ಅನ್ನುವ ನಿಯಮ ಬಂದಿದೆ. ಬಡ ದೇಶಗಳ ಸಂಸ್ಥೆಗಳಿಗೆ 2002ರಿಂದ ಡಬ್ಲ್ಯೂಎಚ್‌ಒ ನಡೆಸುವ, ಜರ್ನಲ್ ಪುಕ್ಕಟೆ ಇಲ್ಲವೆ ಕಮ್ಮಿ ದುಡ್ಡಿಗೆ ಓದಲು ಕೊಡುವ ಹಿನಾರಿ ಇದೆ. ನಮ್ಮಲ್ಲಿ ಸರ್ಕಾರಿ ಕಾಲೇಜು, ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳಲ್ಲಿ ಇರುವವರಿಗೆ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಇದೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಯೋಜನೆ, ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು. ಸಂಸ್ಥೆಯ ಲಾಗಿನ್ ಇಲ್ಲದವರಿಗೆ, ಅಂದರೆ ತಾಲ್ಲೂಕಿನಲ್ಲಿ ಸ್ವಂತ ಕ್ಲಿನಿಕ್ ಇಟ್ಟುಕೊಂಡ ಡಾಕ್ಟರಿಗೆ, ಅದರಿಂದ ಉಪಯೋಗವಿಲ್ಲ.

ಅಂಥ ಒಬ್ಬ ಗೆಳೆಯ ನನಗಿದ್ದಾನೆ. ಒಂದು ರಾತ್ರಿ ಫೋನ್ ಮಾಡಿ, "ಮಾರಾಯ, ಒಂದು ಪೇಪರ್ ಬೇಕಿತ್ತು, ಮೊದಲ ಪ್ಯಾರಾ ತೋರಿಸಿ ಬಾಗಿಲು ಹಾಕುತ್ತಿದೆ" ಅಂದ. ಪೇಪರ್‌ನ ಕೆಳಗೆ ಲೇಖಕರ ಮಿಂಚಂಚೆ ಇತ್ತು. ಇಬ್ಬರೂ ಕೂತು ಮೂರು ಸಾಲು ಬರೆದೆವು: ನಾವು ಇಂಥವರು, ಇಂಥ ಕಡೆ ಇದ್ದೇವೆ, ರೋಗಿಗಾಗಿ ಬೇಕು. ಬೆಳಿಗ್ಗೆ ಕಾಫಿ ಕುಡಿಯುವಷ್ಟರಲ್ಲಿ ಪಿಡಿಎಫ್ ಬಂದಿತ್ತು, ಜೊತೆಗೆ "ಆ ರೋಗಿ ಈಗ ಹೇಗಿದ್ದಾರೆ?" ಅಂತ ಒಂದು ಪ್ರಶ್ನೆ. ಬರೆದವರಿಗೆ ತಮ್ಮ ಪೇಪರ್ ಯಾರಾದರೂ ಓದಲಿ ಅಂತ ಆಸೆ ಇರುತ್ತದೆ, ನಾವು ಕೇಳುವುದಕ್ಕೆ ಸುಮ್ನೆ ಸಂಕೋಚಪಡುತ್ತೇವೆ.

ಪ್ರೀಪ್ರಿಂಟ್ ಅಂದರೇನು? ನಂಬಬಹುದಾ?

ಬೇರೆ ವಿಜ್ಞಾನಿಗಳು ಪರಿಶೀಲಿಸುವ ಮೊದಲೇ ಎಲ್ಲರಿಗೂ ತೆರೆದಿಟ್ಟ ಪೇಪರ್. ಒಲೆಯಿಂದ ಇಳಿಸಿದ ತಕ್ಷಣ ಬಡಿಸಿದ ಹಾಗೆ, ಉಪ್ಪು ಸರಿ ಇದೆಯಾ ಅಂತ ಇನ್ನೂ ಯಾರೂ ನೋಡಿಲ್ಲ. ಆರೋಗ್ಯದ ಪ್ರೀಪ್ರಿಂಟ್‌ಗಳಿಗೆ ಅಂತಲೇ ಮೆಡ್‌ಆರ್‌ಕೈವ್ 2019ರ ಜೂನ್‌ನಲ್ಲಿ ಶುರುವಾಯಿತು. ಆರು ತಿಂಗಳಲ್ಲಿ ಕೋವಿಡ್ ಬಂತು.

ಒಳ್ಳೆಯದು ಮೊದಲು. ಡೆಕ್ಸಾಮೆಥಾಸೋನ್ ಎಷ್ಟೋ ದಶಕಗಳ ಹಳೆ ಸ್ಟೀರಾಯ್ಡ್, ಅಗ್ಗ, ಊರಿನ ಮೆಡಿಕಲ್ ಶಾಪಿನಲ್ಲೂ ಇರುತ್ತದೆ. ಬ್ರಿಟನ್ನಿನ ರಿಕವರಿ ಅನ್ನುವ ಔಷಧ ಪ್ರಯೋಗದವರು 2020ರ ಜೂನ್ 16ರಂದು ಹೇಳಿದರು: ವೆಂಟಿಲೇಟರ್‌ನಲ್ಲಿದ್ದ ಕೋವಿಡ್ ರೋಗಿಗಳ ಸಾವು ಇದರಿಂದ ಸುಮಾರು ಮೂರನೇ ಒಂದು ಭಾಗ ಕಡಿಮೆಯಾಗಿದೆ. ಜೂನ್ 22ಕ್ಕೆ ಪ್ರೀಪ್ರಿಂಟ್ ಬಂತು. ಜೂನ್ 27ಕ್ಕೆ ನಮ್ಮ ಕೇಂದ್ರ ಆರೋಗ್ಯ ಸಚಿವಾಲಯದ ಚಿಕಿತ್ಸಾ ನಿಯಮದಲ್ಲಿ ಸೇರಿತು. ಹನ್ನೊಂದು ದಿನ! ಹಳೆ ಪದ್ಧತಿಯಲ್ಲಿ ಜರ್ನಲ್‌ನಲ್ಲಿ ಅಚ್ಚಾಗುವವರೆಗೆ ಕಾದಿದ್ದರೆ ಎಷ್ಟು ಜನ ಹೋಗಿರುತ್ತಿದ್ದರೋ.

ಈಗ ಕೆಟ್ಟದ್ದು. ಹುಳುಬಾಧೆಗೆ ಕೊಡುವ ಐವರ್ಮೆಕ್ಟಿನ್ ಕೊಟ್ಟರೆ ಕೋವಿಡ್ ಸಾವು ಭಾರಿ ಕಡಿಮೆಯಾಗುತ್ತದೆ ಅಂತ ಈಜಿಪ್ಟಿನಿಂದ ಒಂದು ಪ್ರೀಪ್ರಿಂಟ್ ಬಂದಿತ್ತು. ಜಗತ್ತೆಲ್ಲ ಹರಡಿತು. ಅದನ್ನೂ ಸೇರಿಸಿಕೊಂಡು ಬೇರೆ ಲೆಕ್ಕಾಚಾರಗಳು ಹುಟ್ಟಿದವು. ಪಕ್ಕದ ಗೋವಾದಲ್ಲಿ 2021ರ ಮೇನಲ್ಲಿ 18 ದಾಟಿದವರಿಗೆಲ್ಲ ಐವರ್ಮೆಕ್ಟಿನ್ ಕೊಡುತ್ತೇವೆ ಅಂತ ಸರ್ಕಾರವೇ ಹೇಳಿತು. ಅದೇ ಜುಲೈನಲ್ಲಿ ಲಂಡನ್ನಿನ ಒಬ್ಬ ವಿದ್ಯಾರ್ಥಿ ಈಜಿಪ್ಟಿನ ಪೇಪರ್ ಕೂತು ಓದಿದ. ವಾಕ್ಯಗಳು ಬೇರೆ ಕಡೆಯಿಂದ ಕದ್ದಂಥವು, ರೋಗಿಗಳ ಮಾಹಿತಿಯಲ್ಲಿ ಒಂದೇ ಸಾಲು ಮತ್ತೆ ಮತ್ತೆ ಬಂದಿದೆ ಅಂತ ಕಂಡಿತು. ಪ್ರೀಪ್ರಿಂಟ್ ವಾಪಸ್ ತೆಗೆದರು.

ಹಾಗಂತ ಪರಿಶೀಲನೆ ಆದದ್ದೆಲ್ಲ ಚೊಕ್ಕ ಅಂದುಕೊಳ್ಳಬೇಡಿ. ಮಲೇರಿಯಾ ಔಷಧಿ ಹೈಡ್ರಾಕ್ಸಿಕ್ಲೋರೋಕ್ವಿನ್ ಬಗ್ಗೆ ಹೆಸರಾಂತ ಜರ್ನಲ್ ಲ್ಯಾನ್ಸೆಟ್‌ನಲ್ಲೇ 2020ರ ಮೇ 22ಕ್ಕೆ ಒಂದು ಪೇಪರ್ ಬಂತು, ಅದನ್ನು ನಂಬಿ ಡಬ್ಲ್ಯೂಎಚ್‌ಒ ತನ್ನ ಪ್ರಯೋಗದ ಒಂದು ಭಾಗವನ್ನೇ ತಡೆಹಿಡಿಯಿತು, ಮೂಲ ಮಾಹಿತಿ ತೋರಿಸಿ ಅಂದಾಗ ತೋರಿಸಲಿಲ್ಲ ಅಂತ ಜೂನ್ 4ಕ್ಕೆ ಪೇಪರ್ ಹಿಂದಕ್ಕೆ ಹೋಯಿತು. ಹಾಗಾಗಿ ಪ್ರೀಪ್ರಿಂಟೋ ಜರ್ನಲ್ಲೋ ಅನ್ನುವುದಕ್ಕಿಂತ ಮೂಲ ಡೇಟಾವನ್ನು ಬೇರೆಯವರು ನೋಡುವ ಹಾಗೆ ಇಟ್ಟಿದ್ದಾರಾ ಅಂತ ನಾನು ಮೊದಲು ನೋಡುತ್ತೇನೆ.

ಕೋವಿಡ್ ವೈರಸ್ಸಿನ ಜೀನೋಮ್ ಮೊದಲು ಹೊರಬಿದ್ದದ್ದು ಹೇಗೆ?

ಶಾಂಘೈನ ವಿಜ್ಞಾನಿ ಝಾಂಗ್ ಯೊಂಗ್‌ಝೆನ್ ಅವರ ಲ್ಯಾಬಿಗೆ ವುಹಾನಿನ ರೋಗಿಯ ಸ್ಯಾಂಪಲ್ 2020ರ ಜನವರಿ 3ರಂದು ಬಂತು. ಜನವರಿ 5ಕ್ಕೆ ಸುಮಾರು 30,000 ಅಕ್ಷರಗಳ ಜೀನೋಮ್, ಅಂದರೆ ವೈರಸ್ಸಿನ ಇಡೀ ಆನುವಂಶಿಕ ಬರಹ, ತಯಾರು. ಆದರೆ ಪ್ರಕಟಿಸಬಾರದು ಅಂತ ಮೇಲಿನಿಂದ ಒತ್ತಡ. ಜನವರಿ 11ರ ಬೆಳಿಗ್ಗೆ ಝಾಂಗ್ ಬೀಜಿಂಗಿಗೆ ಹೋಗಲು ವಿಮಾನದಲ್ಲಿ ಕೂತಿದ್ದರು. ಸಿಡ್ನಿಯಿಂದ ಅವರ ಜೊತೆಗಾರ ಎಡ್ವರ್ಡ್ ಹೋಮ್ಸ್ ಫೋನ್ ಮಾಡಿ, ಬಿಡುಗಡೆ ಮಾಡೋಣವಾ ಅಂತ ಕೇಳಿದರು. ವಿಮಾನ ಹೊರಡುವುದರಲ್ಲಿತ್ತು. ಝಾಂಗ್ ಒಂದು ನಿಮಿಷ ಯೋಚಿಸಿ, ಆಯ್ತು ಅಂದರು. ಮುಂದೆ ಒಂದು ಗಂಟೆಯೊಳಗೆ ಹೋಮ್ಸ್ ಅದನ್ನು ಯಾರು ಬೇಕಾದರೂ ನೋಡುವ ಹಾಗೆ ಹಾಕಿಬಿಟ್ಟರು.

ಅಲ್ಲಿಂದ ನೋಡಿ. ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯವರ ಪರೀಕ್ಷಾ ವಿಧಾನವನ್ನು ಡಬ್ಲ್ಯೂಎಚ್‌ಒ ಎರಡೇ ದಿನದಲ್ಲಿ ಎಲ್ಲರಿಗೂ ಕೊಟ್ಟಿತು. ಮಾಡೆರ್ನಾ ಲಸಿಕೆಯ ಮೊದಲ ಪ್ರಯೋಗದ ಚುಚ್ಚು ಮಾರ್ಚ್ 16ಕ್ಕೆ ಬಿತ್ತು. ಲಸಿಕೆ ಮಾಡಲು ಅವರಿಗೆ ವೈರಸ್ ಬೇಕಾಗಲಿಲ್ಲ, ಅಕ್ಷರ ಸಾಕಾಯಿತು.

ಹಂಚಿದವರಿಗೆ ಏನು ಸಿಕ್ಕಿತು?

ಝಾಂಗ್‌ಗೆ? ಮಾರನೇ ದಿನ ಅವರ ಲ್ಯಾಬನ್ನು 'ಸರಿಪಡಿಸಬೇಕು' ಅಂತ ಮುಚ್ಚಿಸಿದರು. 2024ರ ಏಪ್ರಿಲ್‌ನಲ್ಲಿ ಲ್ಯಾಬ್ ಖಾಲಿ ಮಾಡಿ ಅಂದಾಗ ಅವರು ಬಾಗಿಲ ಹೊರಗೆ ಕೂತು, ಅಲ್ಲೇ ರಾತ್ರಿ ಮಲಗಿ ಪ್ರತಿಭಟಿಸಬೇಕಾಯಿತು.

ಇನ್ನು ದಕ್ಷಿಣ ಆಫ್ರಿಕಾ. ಅಲ್ಲಿನವರು ಮತ್ತು ಬೋಟ್ಸ್ವಾನಾದವರು ಕೋವಿಡ್‌ನ ಹೊಸ ತಳಿಯನ್ನು ಬೇಗ ಹಿಡಿದು, 2021ರ ನವೆಂಬರ್ 24ಕ್ಕೆ ಡಬ್ಲ್ಯೂಎಚ್‌ಒಗೆ ತಿಳಿಸಿದರು. 26ಕ್ಕೆ ಅದಕ್ಕೆ ಒಮಿಕ್ರಾನ್ ಅಂತ ಹೆಸರಾಯಿತು. ಬೆನ್ನಿಗೇ ಬ್ರಿಟನ್, ಯುರೋಪು, ಅಮೆರಿಕ ಅವರ ವಿಮಾನಗಳಿಗೆ ಬಾಗಿಲು ಹಾಕಿದವು. ನಿಜ ಹೇಳಿದ್ದಕ್ಕೆ ಬಿದ್ದ ದಂಡ ಇದು. ಅಷ್ಟಕ್ಕೂ ಏನು ತಡೆದರು? ಡಿಸೆಂಬರ್ 2ರಂದು ಭಾರತದ ಮೊದಲ ಎರಡು ಒಮಿಕ್ರಾನ್ ಪ್ರಕರಣ ನಮ್ಮ ಕರ್ನಾಟಕದಲ್ಲೇ ಪತ್ತೆಯಾದವು. ಒಬ್ಬರು ದಕ್ಷಿಣ ಆಫ್ರಿಕಾದವರು. ಇನ್ನೊಬ್ಬರು ಬೆಂಗಳೂರಿನ ಡಾಕ್ಟರು, ಯಾವ ಹೊರದೇಶಕ್ಕೂ ಹೋಗಿರಲಿಲ್ಲ. ಅಂದರೆ ತಳಿ ಆಗಲೇ ಒಳಗೆ ಬಂದು ಓಡಾಡುತ್ತಿತ್ತು. ಹೀಗೆ ಮಾಡಿದರೆ ಮುಂದಿನ ಸಲ ಯಾವ ದೇಶ ಬಾಯಿ ಬಿಡುತ್ತದೆ, ನೀವೇ ಹೇಳಿ.

ಇಂಡೋನೇಷ್ಯಾ ವೈರಸ್ ಕೊಡುವುದಿಲ್ಲ ಅಂತ ಹಟ ಮಾಡಿತ್ತಂತೆ, ಅದು ಸ್ವಾರ್ಥ ಅಲ್ವಾ?

ಮೊದಮೊದಲು ನಾನೂ ಹಾಗೇ ಅಂದುಕೊಂಡಿದ್ದೆ. ಆಮೇಲೆ ಓದಿದೆ. ಜ್ವರದ ವೈರಸ್‌ಗಳನ್ನು ದೇಶಗಳು ಡಬ್ಲ್ಯೂಎಚ್‌ಒ ಜಾಲಕ್ಕೆ ಪುಕ್ಕಟೆ ಕೊಡುವ ಪದ್ಧತಿ 1952ರಿಂದ ಇದೆ. ಅದರಿಂದಲೇ ಪ್ರತಿ ವರ್ಷದ ಫ್ಲೂ ಲಸಿಕೆ ತಯಾರಾಗುವುದು. ಇಂಡೋನೇಷ್ಯಾ ಹಕ್ಕಿಜ್ವರದ ವೈರಸ್ ಕೊಟ್ಟಿತು. ಅದೇ ವೈರಸ್ಸಿನಿಂದ ಆಸ್ಟ್ರೇಲಿಯಾದ ಕಂಪನಿಯೊಂದು ಲಸಿಕೆ ಮಾಡಲು ಹೊರಟಿದೆ, ಅದನ್ನು ತಾವು ಮಾರುಕಟ್ಟೆ ಬೆಲೆಗೆ ಕೊಳ್ಳಬೇಕು ಅಂತ ಗೊತ್ತಾದಾಗ ಆರೋಗ್ಯ ಸಚಿವೆ ಸಿತಿ ಫದೀಲಾ ಸುಪಾರಿ 2007ರ ಹೊತ್ತಿಗೆ ಕೊಡುವುದನ್ನೇ ನಿಲ್ಲಿಸಿದರು. ನಮ್ಮ ಗದ್ದೆಯ ಭತ್ತ ಒಯ್ದು ನಮಗೇ ಅಕ್ಕಿ ಮಾರಲು ಬಂದರೆ ಯಾರಿಗೆ ಸಿಟ್ಟು ಬರುವುದಿಲ್ಲ?

ಜಗತ್ತು ಬೈಯಿತು. ಆದರೆ ಹಟ ಫಲ ಕೊಟ್ಟಿತು. 2011ರ ಮೇನಲ್ಲಿ ವಿಶ್ವ ಆರೋಗ್ಯ ಸಭೆ ಒಂದು ಒಪ್ಪಂದಕ್ಕೆ ಬಂತು: ದೇಶಗಳು ಫ್ಲೂ ವೈರಸ್ ಹಂಚಬೇಕು, ಅದನ್ನು ಬಳಸುವ ಕಂಪನಿಗಳು ಈ ವ್ಯವಸ್ಥೆಗೆ ಪ್ರತಿ ವರ್ಷ ದುಡ್ಡು ಕೊಡಬೇಕು, ಪಿಡುಗು ಬಂದಾಗ ಲಸಿಕೆಯಲ್ಲಿ ಒಂದು ಪಾಲು ತೆಗೆದಿಡಬೇಕು. ಇದು ಫ್ಲೂಗೆ ಮಾತ್ರ. ಬೇರೆ ರೋಗಗಳಿಗೂ ಇಂಥದ್ದೇ ಬೇಕು ಅಂತ ಮೂರು ವರ್ಷ ಜಗ್ಗಾಡಿ 2025ರ ಮೇ 20ರಂದು ಪ್ಯಾಂಡೆಮಿಕ್ ಒಪ್ಪಂದವನ್ನು ಅಂಗೀಕರಿಸಿದರು. ಅದರಲ್ಲೂ ಕಗ್ಗಂಟು ಇದೇ. ರೋಗಾಣು ಕೊಟ್ಟವರಿಗೆ ಎಷ್ಟು ಲಸಿಕೆ, ಯಾವ ಬೆಲೆಗೆ ಅನ್ನುವ ಭಾಗವನ್ನು ಅನುಬಂಧಕ್ಕೆ ಅಂತ ಬಿಟ್ಟರು. ಆ ಅನುಬಂಧ ಒಪ್ಪಿಗೆಯಾಗದೆ ಒಪ್ಪಂದ ಸಹಿಗೇ ತೆರೆಯುವುದಿಲ್ಲ ಅಂತಲೂ ಆಗಲೇ ತೀರ್ಮಾನವಾಯಿತು.

ನಮ್ಮ ರಕ್ತದ ಸ್ಯಾಂಪಲ್‌ಗಳನ್ನು ಹೊರದೇಶಕ್ಕೆ ಸುಮ್ನೆ ಕಳಿಸಬಹುದಾ?

ಆಗುವುದಿಲ್ಲ. ಹೊರದೇಶದವರ ಜೊತೆ ಆರೋಗ್ಯ ಸಂಶೋಧನೆ ಮಾಡಬೇಕಾದರೆ ನೈತಿಕ ಸಮಿತಿಯ ಒಪ್ಪಿಗೆಯ ಜೊತೆ ಕೇಂದ್ರ ಆರೋಗ್ಯ ಸಚಿವಾಲಯದ ಸ್ಕ್ರೀನಿಂಗ್ ಕಮಿಟಿಯ ಒಪ್ಪಿಗೆಯೂ ಬೇಕು. ಅದರ ಕಚೇರಿ ಕೆಲಸ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ನೋಡಿಕೊಳ್ಳುತ್ತದೆ. ತಡ ಆಗುತ್ತದೆ ಅಂತ ಸಂಶೋಧಕರು ಗೊಣಗುತ್ತಾರೆ. ಗೊಣಗುವುದರಲ್ಲಿ ಅರ್ಥವಿದೆ, ಆದರೆ ಈ ಅನುಮಾನ ಸುಮ್ನೆ ಹುಟ್ಟಿದ್ದಲ್ಲ. 1970ರ ದಶಕದಲ್ಲಿ ದೆಹಲಿಯಲ್ಲಿ ಡಬ್ಲ್ಯೂಎಚ್‌ಒ ಮತ್ತು ಐಸಿಎಂಆರ್ ಸೇರಿ ಅಮೆರಿಕದ ದುಡ್ಡಿನಲ್ಲಿ ಸೊಳ್ಳೆ ನಿಯಂತ್ರಣದ ಪ್ರಯೋಗ ನಡೆಸುತ್ತಿದ್ದವು. ಇದು ಜೈವಿಕ ಯುದ್ಧದ ತಯಾರಿಯೇನೋ ಅಂತ ಪತ್ರಿಕೆಗಳಲ್ಲಿ, ಪಾರ್ಲಿಮೆಂಟಿನಲ್ಲಿ ಗಲಾಟೆಯಾಗಿ 1975ರಲ್ಲಿ ಘಟಕವನ್ನೇ ಮುಚ್ಚಿದರು. ಅದೇ ಗಲಾಟೆಯಲ್ಲಿ ನಮ್ಮ ಮಲೆನಾಡಿನ ಹೆಸರೂ ಬಂತು.

ಮಲೆನಾಡಿಗೆ ಏನು ಸಂಬಂಧ?

ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸಾಲಾಗಿ ಸತ್ತವು, ಕಾಡಿಗೆ ಹೋಗಿ ಬಂದವರಿಗೆ ಜ್ವರ ಹೊಡೆಯಿತು. ಮಂಗ ಸಾಯುತ್ತಿದೆ ಅಂದ ತಕ್ಷಣ ವಿಜ್ಞಾನಿಗಳಿಗೆ ಬಂದ ಭಯ ಹಳದಿ ಜ್ವರ. ಆಫ್ರಿಕಾ, ದಕ್ಷಿಣ ಅಮೆರಿಕ ಬಿಟ್ಟು ಏಷ್ಯಾಕ್ಕೆ ಅದು ಬಂದಿರಲೇ ಇಲ್ಲ. ಪುಣೆಯ ವೈರಸ್ ರಿಸರ್ಚ್ ಸೆಂಟರಿನವರು ಓಡಿಬಂದರು. ಐಸಿಎಂಆರ್ ಮತ್ತು ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ ಸೇರಿ 1952ರಲ್ಲಿ ಕಟ್ಟಿದ ಸಂಸ್ಥೆ ಅದು, ಈಗಿನ ರಾಷ್ಟ್ರೀಯ ವೈರಾಣು ಸಂಸ್ಥೆ ಎನ್‌ಐವಿ. ವೈರಸ್ ಹಿಡಿದು ನೋಡಿದರೆ ಹಳದಿ ಜ್ವರ ಅಲ್ಲ, ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ (ಮೈಗೆ ಕಚ್ಚಿಕೊಂಡು ರಕ್ತ ಹೀರುವ ಸಣ್ಣ ಹುಳ) ಹರಡುವ ಮೆದುಳು ಜ್ವರದ ವೈರಸ್ಸಿನ ದಾಯಾದಿ! ಶೀತಲ ಸಮರದ ಕಾಲ. ಆದರೂ ರಷ್ಯಾದ ರೋಗದ ಬಗ್ಗೆ ಆಗಲೇ ತಿಳಿದಿದ್ದು ಇಲ್ಲಿ ಬಳಕೆಗೆ ಬಂತು. ಆ ವೈರಸ್ಸಿನ ಲಸಿಕೆಯನ್ನು ಇಲ್ಲಿನ ಜನರಿಗೆ ಕೊಟ್ಟೂ ನೋಡಿದರು. ಪ್ರಯೋಜನ ಆಗಲಿಲ್ಲ, ಬೇರೆಯದೇ ಲಸಿಕೆ ಮಾಡಬೇಕಾಯಿತು.

ರಷ್ಯಾ ಕಡೆಯಿಂದ ವಲಸೆ ಹಕ್ಕಿಗಳು ಉಣುಗು ಹೊತ್ತು ತಂದಿರಬಹುದಾ ಅಂತ ಪ್ರಶ್ನೆ ಎದ್ದಿತು. ಪಕ್ಷಿತಜ್ಞ ಸಲೀಂ ಅಲಿ ಅವರ ತಂಡ ಹಕ್ಕಿಗಳ ಕಾಲಿಗೆ ಉಂಗುರ ಹಾಕಲು ಶುರು ಮಾಡಿದ್ದರ ಹಿಂದೆ ಈ ಪ್ರಶ್ನೆಯೂ ಇತ್ತು. ಮೊದಲು ಡಬ್ಲ್ಯೂಎಚ್‌ಒ ದುಡ್ಡು, ಆಮೇಲೆ ಅಮೆರಿಕದ ಸೇನೆಯ ದುಡ್ಡು. ಗಲಾಟೆ ಎದ್ದದ್ದು ಅಲ್ಲಿ. ಕೆಲಸ ಒಳ್ಳೆಯದೇ, ದುಡ್ಡು ಯಾರದ್ದು, ಯಾಕೆ ಕೊಡುತ್ತಾರೆ ಅಂತ ಮೊದಲೇ ಬಿಡಿಸಿ ಹೇಳದಿದ್ದರೆ ಹೀಗಾಗುತ್ತದೆ.

ಇನ್ನೊಂದು ತಮಾಷೆ. 1990ರ ದಶಕದಲ್ಲಿ ಸೌದಿ ಅರೇಬಿಯಾದ ಜೆಡ್ಡಾದಲ್ಲಿ ಮಾಂಸ ಕಡಿಯುವವರಿಗೆ ಒಂದು ಜ್ವರ ಬಂತು. ಜೀನ್ ಓದಿ ನೋಡಿದರೆ ನಮ್ಮ ಕ್ಯಾಸನೂರಿನ ವೈರಸ್ಸಿಗೆ ಬಹಳ ಹತ್ತಿರದ ನೆಂಟ. ಎರಡೂ ಕಡೆಯ ಮಾಹಿತಿ ಒಂದೇ ಕಡೆ ತೆರೆದಿದ್ದರಿಂದ ಇದು ಗೊತ್ತಾಯಿತು, ಇಲ್ಲದಿದ್ದರೆ ಅವರದು ಅವರಿಗೆ ನಮ್ಮದು ನಮಗೆ.

ರೋಗಿಗಳ ಹೆಸರು, ಗುಟ್ಟು?

ಹೆಸರು, ಫೋನ್, ವಿಳಾಸ ತೆಗೆದೇ ಹಂಚುತ್ತಾರೆ. ಆದರೆ ಸಣ್ಣ ಊರಿನಲ್ಲಿ ಅಪರೂಪದ ಕಾಯಿಲೆ ಅಂದರೆ ವಯಸ್ಸು, ಊರು ಎರಡೇ ಸಾಕು, ಯಾರು ಅಂತ ಬಸ್‌ಸ್ಟ್ಯಾಂಡಿನಲ್ಲಿ ಹೇಳುತ್ತಾರೆ. ಅಂಥ ಕಡೆ ಜಿಲ್ಲೆಯ ಹೆಸರು ಮಾತ್ರ ಸಾಕು.

ಸಂಶೋಧನೆ ಯಾವಾಗಲೂ ಶ್ರೀಮಂತ ದೇಶದಿಂದ ನಮ್ಮ ಕಡೆಗೇ ಬರುವುದಾ?

ಓಆರ್‌ಎಸ್ ಪೊಟ್ಟಣ ಎಲ್ಲಿಂದ ಬಂತು ಗೊತ್ತಾ? ಢಾಕಾ ಮತ್ತು ಕಲ್ಕತ್ತಾದಿಂದ. 1968ರಲ್ಲಿ ಢಾಕಾದ ಕಾಲರಾ ಲ್ಯಾಬಿನಲ್ಲಿ ಅಮೆರಿಕದ ಮತ್ತು ಬಂಗಾಳದ ಡಾಕ್ಟರುಗಳು ಸೇರಿ, ಬಾಯಲ್ಲಿ ಕುಡಿಸುವ ಗ್ಲೂಕೋಸ್ ಉಪ್ಪಿನ ನೀರು ಕೆಲಸ ಮಾಡುತ್ತದೆ ಅಂತ ತೋರಿಸಿದರು. ದೊಡ್ಡವರು ನಂಬಲಿಲ್ಲ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಗಡಿಯ ಬನಗಾಂವ್‌ಗೆ ಬಂದಾಗ ಕಾಲರಾ ಹಬ್ಬಿತು, ಡ್ರಿಪ್ ಬಾಟಲಿಗಳು ಮುಗಿದವು. ಡಾ. ದಿಲೀಪ್ ಮಹಲನೋಬಿಸ್ ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಸೋಡಾ ಪೊಟ್ಟಣ ಕಟ್ಟಿಸಿ, ಡ್ರಮ್ಮಿನಲ್ಲಿ ಕದಡಿಸಿ, ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ಅಲ್ಲಿ ನೂರಕ್ಕೆ 20-30 ಇದ್ದ ಸಾವು 3.6ಕ್ಕೆ ಇಳಿಯಿತು. ಈ ಪಾಕವನ್ನು ಬಾಂಗ್ಲಾದ ಗುಪ್ತ ರೇಡಿಯೋದಲ್ಲೂ ಓದಿ ಹೇಳಿದರು. ಪೇಪರ್ ಅಚ್ಚಾಗಿದ್ದು 1973ಕ್ಕೆ.

ನನಗೆ ಇನ್ನೂ ಇಷ್ಟ ಆಗುವುದು ಮುಂದಿನ ಭಾಗ. 1980ರಿಂದ ಹತ್ತು ವರ್ಷ ಬಾಂಗ್ಲಾದ ಬ್ರಾಕ್ ಸಂಸ್ಥೆಯ ಹೆಂಗಸರು ಮನೆ ಮನೆಗೆ ಹೋಗಿ 1.2 ಕೋಟಿಗೂ ಜಾಸ್ತಿ ಮನೆಗಳ ತಾಯಂದಿರಿಗೆ ಕಲಿಸಿದರು: ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಗ್ರಾಂ ಇಲ್ಲ, ಲೀಟರ್ ಇಲ್ಲ. ಕಲಿಸಿದವರ ಕೂಲಿಯನ್ನು ಎಷ್ಟು ಮನೆ ಸುತ್ತಿದರು ಅಂತ ನೋಡಿ ಕೊಡುತ್ತಿರಲಿಲ್ಲ. ಆಮೇಲೆ ಬೇರೆಯವರು ಹೋಗಿ ಆ ತಾಯಿಗೆ ಎಷ್ಟು ನೆನಪಿದೆ, ಸರಿಯಾಗಿ ಕದಡುತ್ತಾಳಾ ಅಂತ ನೋಡಿ, ಅದರ ಮೇಲೆ ಕೊಡುತ್ತಿದ್ದರು.

ಕನ್ನಡದಲ್ಲಿ ಇದನ್ನೆಲ್ಲ ಬರೆದು ಏನು ಪ್ರಯೋಜನ, ಡಾಕ್ಟರುಗಳಿಗೆ ಇಂಗ್ಲಿಷ್ ಬರುತ್ತಲ್ಲ?

ಡಾಕ್ಟರುಗಳಿಗೆ ಬರುತ್ತದೆ. ಬೇಸಿಗೆಗೆ ಮುಂಚೆ ಕಾಡಂಚಿನ ಮನೆಗಳಿಗೆ ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆ ಹಂಚುವ ಆಶಾ ಕಾರ್ಯಕರ್ತೆಗೆ ಪೇಪರ್ ಓದುವಷ್ಟು ಬರಬೇಕಾಗಿಲ್ಲ, ಅದರಲ್ಲಿದ್ದ ಸಂಗತಿ ಬೇಕು. ಒಂದು ಸಲ ಮಂಗನ ಕಾಯಿಲೆಯ ಹೊಸ ಪೇಪರೊಂದನ್ನು ಒಂದು ಪುಟಕ್ಕೆ ಇಳಿಸಿ, ಬಹಳ ಚೆನ್ನಾಗಿ ಬರೆದಿದ್ದೇನೆ ಅಂದುಕೊಂಡು, ಸಾಗರದ ಕಡೆಯ ಒಬ್ಬ ಆಶಾ ಅಕ್ಕನಿಗೆ ಓದಲು ಕೊಟ್ಟೆ. ನಿಘಂಟಿನ ಪ್ರಕಾರ 'ಉಣ್ಣೆ ಕಚ್ಚದಂತೆ ಎಚ್ಚರ ವಹಿಸಿ, ಉಣ್ಣೆಯಿಂದ ಜ್ವರ ಬರುತ್ತದೆ' ಅಂತ ಬರೆದಿದ್ದೆ. ಅವರು ಎರಡು ಸಲ ಓದಿ ತಲೆ ಎತ್ತಿ, "ಅಲ್ಲ ಸಾರ್, ಹಾಗಾದ್ರೆ ಈ ಚಳಿಯಲ್ಲಿ ಕಂಬಳಿ ಹೊದೆಯೋದು ಬೇಡ ಅನ್ಲಾ ಜನಕ್ಕೆ?" ಅಂದರು. ಪೆನ್ ಕೇಳಿ ಇಸಕೊಂಡು ಎರಡೂ ಕಡೆ ಹೊಡೆದುಹಾಕಿ 'ಉಣುಗು' ಅಂತ ಬರೆದರು.